ರಾಗಿ ಕಣದ ಮೇಲೆ ಬಾಡಿಗೆ ಮನೆ: ಹಿನಕಲ್, ಹೂಟಗಳ್ಳಿ ಬದಲಾದ ಬಗೆ

ಹಿನಕಲ್ ಊರೊಳಗೆ ನಾನು ಆಗಾಗ ಹೋಗುವ ಮನೆಯೊಂದಿದೆ. ಮುಂದೆ ಹಳೇ ಜಗಲಿ, ಮೂಲೆಯಲ್ಲಿ ಒರಳುಕಲ್ಲು. ಪಕ್ಕದಲ್ಲಿ ರಾಗಿ ಬಡಿಯುತ್ತಿದ್ದ ಕಣದ ಜಾಗದಲ್ಲಿ ಈಗ ಮೂರಂತಸ್ತು ಎದ್ದಿದೆ. ಗೋಡೆಯಲ್ಲಿ ಸಾಲಾಗಿ ಆರು ಕರೆಂಟ್ ಮೀಟರು. ಆ ಆರು ಮೀಟರೇ ಈಗ ಆ ಮನೆಯ ಬೆಳೆ.

ಮೈಸೂರಿನ ಪಶ್ಚಿಮ ಅಂಚಿನ ಹಿನಕಲ್, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಮಳೆ ನಂಬಿದ ಊರುಗಳು. ರಾಗಿ, ಹುರುಳಿ, ಅವರೆ ಬೆಳೆದ ನೆಲ. ಇಲ್ಲಿ ಇಂದು ಯಾರ ಕೈಯಲ್ಲಿ ದುಡ್ಡಿದೆ ಎಂಬುದನ್ನು ತಿಳಿಯಲು 1974ಕ್ಕೆ ಹೋಗಬೇಕು. ಉಳುವವನಿಗೇ ಹೊಲ ಎಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಹಕ್ಕು ಕೇಳುವ ಅರ್ಜಿಯಾದ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯಲ್ಲಿ ಗೆದ್ದ ಗೇಣಿದಾರನ ಹೆಸರು ಪಹಣಿಗೆ ಏರಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಅರ್ಜಿ ಹಾಕಲು ಏನೂ ಇರಲಿಲ್ಲ. ಮುಂದಿನ ಐವತ್ತು ವರ್ಷದ ಅಂತರ ಅಲ್ಲೇ ಶುರುವಾಯಿತು ಎಂದು ನಾನು ನಂಬುತ್ತೇನೆ.

ಆಮೇಲೆ ಕಾರ್ಖಾನೆಗಳು ಬಂದವು. ಹೆಬ್ಬಾಳ, ಕೂರ್ಗಳ್ಳಿ ಕಡೆ ಕೈಗಾರಿಕಾ ಪ್ರದೇಶ ಬೆಳೆಯಿತು. 1988ರಲ್ಲಿ ಹುಟ್ಟಿದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಡಾವಣೆ ಮೇಲೆ ಬಡಾವಣೆ ಹಾಕಿತು. 1996ರಲ್ಲಿ ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆ ಬಾಗಿಲು ಹಾಕಿತು; ಅದೇ ವರ್ಷ ಮೇಟಗಳ್ಳಿಯಲ್ಲಿ ನೋಟು ಮುದ್ರಣಾಲಯ ಶುರುವಾಯಿತು. 2000ದ ನಂತರ ಇನ್ಫೋಸಿಸ್ ತರಬೇತಿ ಕೇಂದ್ರ ಬೆಳೆದಂತೆ ಸಂಬಳದವರು ಮನೆ ಹುಡುಕಿಕೊಂಡು ಬಂದರು.

ಒಂದೇ ಊರಲ್ಲಿ ಅಣ್ಣ ಬಡವ, ತಮ್ಮ ಸಾಹುಕಾರ ಆದದ್ದು ಹೀಗೆ. ಅಣ್ಣನ ಹೊಲ 1894ರ ಹಳೇ ಭೂಸ್ವಾಧೀನ ಕಾಯ್ದೆಯಡಿ ಮೊದಲೇ ಸ್ವಾಧೀನವಾಯಿತು. ಬಂದ ಪರಿಹಾರ ಮಗಳ ಮದುವೆ, ಸಾಲಕ್ಕೆ ಸರಿಹೋಯಿತು. ತಮ್ಮನದು ಹೇಗೋ ಉಳಿದು ಸೈಟಾಯಿತು. ಎಕರೆಗೆ 40 ಗುಂಟೆ. ಮೂವತ್ತು ನಲವತ್ತರ ಒಂದು ಸೈಟಿಗೆ ಬೇಕಾದದ್ದು ಗುಂಟೆಗಿಂತ ತುಸು ಹೆಚ್ಚು. ರಸ್ತೆ, ಪಾರ್ಕಿಗೆ ಬಿಟ್ಟರೂ ಇಪ್ಪತ್ತರ ಆಸುಪಾಸು ಸೈಟು. ಅದೃಷ್ಟ ಅಂತಾರೆ ಜನ. ನನಗದು ಸರ್ವೆ ನಂಬರಿನ ಗೆರೆ ಎಲ್ಲಿ ಬಿತ್ತು ಎಂಬುದಷ್ಟೇ.

ಮನೆಯೊಳಗೂ ಗೆರೆ ಬಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರದ್ದು, ಕೇಂದ್ರದ್ದು 2005ರದ್ದು. ಹೊಲ ಬರೀ ಹುರುಳಿ ಕೊಡುವ ತನಕ ತವರಿನಿಂದ ಗೌರಿ ಬಾಗಿನ ಬಂದರೆ ಸಾಕಿತ್ತು. ಹೊಲ ಸೈಟಾದ ಮೇಲೆ ಪಾಲು ಬಿಟ್ಟುಕೊಡುವ ಖುಲಾಸೆ ಪತ್ರಕ್ಕೆ ಅಕ್ಕನ ಸಹಿ ಬೇಕಾಯಿತು. ಕೆಲವರು ಅರಿಶಿನ ಕುಂಕುಮಕ್ಕೆಂದು ಕೊಟ್ಟಷ್ಟು ತಗೊಂಡು ಸಹಿ ಹಾಕಿದರು. ಹಾಕದವರು ಕೋರ್ಟಿಗೆ ಹೋದರು; ಅಣ್ಣನ ಮನೆ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಈ ನೋವು ಯಾವ ಆದಾಯದ ಲೆಕ್ಕಕ್ಕೂ ಸಿಗುವುದಿಲ್ಲ.

ತಲೆಯೆಣಿಕೆಯೇ ಹಳತು ಎನ್ನುವುದು ಇನ್ನೊಂದು ಸಂಕಟ. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ 30 ಲಕ್ಷ, ಅದರಲ್ಲಿ ನಗರವಾಸಿಗಳು ಶೇ. 41.5. 2021ರ ಗಣತಿ ನಡೆಯಲೇ ಇಲ್ಲ. ಅಷ್ಟರಲ್ಲಿ ಕೃಷಿಯೇತರ ಆದಾಯ ಇರುವವರು ಕೃಷಿ ಜಮೀನು ಕೊಳ್ಳಲು ಇದ್ದ ವಾರ್ಷಿಕ ಆದಾಯದ ಮಿತಿ 2015ರಲ್ಲಿ 25 ಲಕ್ಷ ರೂಪಾಯಿಗೆ ಏರಿತು, 2020ರಲ್ಲಿ ಆ ನಿರ್ಬಂಧವೇ ಹೋಯಿತು. ಕೊಳ್ಳುವವರು ಹೆಚ್ಚಿದರು, ಬಾಡಿಗೆಗೆ ಬಂದವರು ಹೆಚ್ಚಿದರು. ನೀರು, ಒಳಚರಂಡಿ ಮಾತ್ರ ಪಂಚಾಯಿತಿ ಕಾಲದ ಅಳತೆಯಲ್ಲೇ ಉಳಿದವು.

2020ರ ಕೊನೆಗೆ ಸರ್ಕಾರ ಹೂಟಗಳ್ಳಿಯನ್ನು ನಗರಸಭೆ ಮಾಡಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಸೈಟು ಇದ್ದವರಿಗೆ ಅದು ಖುಷಿಯ ಸುದ್ದಿ. ಉದ್ಯೋಗ ಖಾತರಿ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಇದ್ದ ಯೋಜನೆ. ಊರು ನಗರವಾದ ದಿನ ನಮೂನೆ 7ರ ಕಾಲದಲ್ಲೂ ಹೊರಗುಳಿದಿದ್ದ ಮನೆಗಳ ಜಾಬ್ ಕಾರ್ಡು ಬರೀ ಕಾಗದವಾಯಿತು. ಆ ಮನೆಗಳ ಹೆಂಗಸರು ಈಗ ಬೆಳಿಗ್ಗೆ ಆರಕ್ಕೇ ಬಡಾವಣೆಗಳ ಕಡೆ ಹೊರಡುತ್ತಾರೆ, ನಾಲ್ಕೈದು ಮನೆಯ ಪಾತ್ರೆ ತಿಕ್ಕಲು.