ಓದುಗರ ಪ್ರಶ್ನೆ: ಹಸೆ ಚಿತ್ತಾರ ಅಂದ್ರೆ ಮಲೆನಾಡಿನ ವಾರ್ಲಿ ಅಲ್ವಾ?

ಪ್ರಶ್ನೆ: ಮೇಡಂ, ಸಾಗರದ ನೆಂಟರ ಮನೆಗೆ ಹೋದಾಗ ಹಸೆ ಚಿತ್ತಾರ ನೋಡಿದೆ. ತುಂಬಾ ಇಷ್ಟವಾಯಿತು. ಇದು ವಾರ್ಲಿಯಿಂದ ಬಂದದ್ದೇ ಅಲ್ವಾ? ನಮ್ಮ ಮನೆಯ ಹಾಲ್ ಗೋಡೆಗೆ ಅಕ್ರಿಲಿಕ್ ಬಣ್ಣದಲ್ಲಿ ನಾನೇ ಬರೆಯಬಹುದಾ?

ಉತ್ತರ: ಅಲ್ಲ. ವಾರ್ಲಿಯಿಂದ ಬಂದದ್ದಲ್ಲ. ಹಸೆ ಚಿತ್ತಾರ ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಗೋಡೆಗೆ, ಬುಟ್ಟಿಗೆ ಬರೆಯುವ ಚಿತ್ರ. ವಾರ್ಲಿ ಮಹಾರಾಷ್ಟ್ರದ ಆದಿವಾಸಿಗಳ ಗೋಡೆಚಿತ್ರ.

ದಸರಾ ಮುಗಿದು ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ನನ್ನ ತರಗತಿಗೆ ಬರುವ ಮಕ್ಕಳ ತಾಯಂದಿರು ಕೇಳುತ್ತಾರೆ. ಬೆಂಗಳೂರಿನಿಂದ ಫೋನ್ ಮಾಡುವವರು ಕೇಳುತ್ತಾರೆ. ಮೊನ್ನೆ ಒಬ್ಬ ಮೇಷ್ಟ್ರೂ ಕೇಳಿದರು. ಒಂದೇ ಮಾತಲ್ಲಿ ಉತ್ತರ ಕೊಟ್ಟರೆ ಯಾರೂ ನಂಬುವುದಿಲ್ಲ. ಅದಕ್ಕೇ ಈ ಸಲ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಎರಡನೇ ಪ್ರಶ್ನೆ ಮುಗಿಸಿಬಿಡೋಣ. ಹಾಲ್ ಗೋಡೆಗೆ ಅಕ್ರಿಲಿಕ್‌ನಲ್ಲಿ ಬರೆಯಬಹುದಾ? ಬರೆಯಿರಿ. ಇವತ್ತು ಚಿತ್ತಾರದ ಕಲಾವಿದರೇ ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆದು ಮಾರುತ್ತಿದ್ದಾರೆ. ಕಲಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಇಂಟರ್ನೆಟ್‌ನಲ್ಲಿ ಸಿಕ್ಕ ವಾರ್ಲಿ ಗೊಂಬೆಗಳನ್ನು ಕೆಂಪು ಗೋಡೆಗೆ ಇಳಿಸಿ ಕೆಳಗೆ 'ಹಸೆ ಚಿತ್ತಾರ' ಅಂತ ಹೆಸರು ಹಾಕಬೇಡಿ. ನನ್ನ ತಕರಾರು ಅಷ್ಟೇ.

ಈಗ ಮೊದಲನೇ ಪ್ರಶ್ನೆ.

ಎರಡೂ ಒಂದೇ ಅನ್ನುವವರೆಲ್ಲ ಕೊಡುವ ಕಾರಣ ಒಂದೇ: "ಎರಡೂ ಕೆಂಪು ನೆಲದ ಮೇಲೆ ಬಿಳಿ ಗೆರೆ." ಸರಿ, ಹಾಗೇ ಇಟ್ಟುಕೊಳ್ಳೋಣ. ಉತ್ತರಾಖಂಡದ ಕುಮಾಊಂ ಗುಡ್ಡಗಳಲ್ಲಿ ಐಪಣ ಅಂತ ಬರೆಯುತ್ತಾರೆ. ಅದೂ ಕೆಮ್ಮಣ್ಣು ಬಳಿದ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಒಡಿಶಾದ ಸವರ ಬುಡಕಟ್ಟಿನವರು ದೇವರಿಗೆಂದು ಗೋಡೆ ಮೇಲೆ ಬರೆಯುವುದೂ ಕೆಂಪು ಬಿಳಿಯೇ. ಹಾಗಾದರೆ ಅವೂ ವಾರ್ಲಿಯಾ? ಯಾರೂ ಹಾಗೆ ಹೇಳುವುದಿಲ್ಲ. ನಮ್ಮದಕ್ಕೆ ಮಾತ್ರ ಆ ಹಣೆಪಟ್ಟಿ ಯಾಕೆ?

ಹೋಲಿಕೆ ಇರುವುದು ಸಾಮಾನಿನಲ್ಲಿ. ಮಣ್ಣಿನ ಗೋಡೆಯ ಮನೆ, ಅಂಗಳದ ಪಕ್ಕದಲ್ಲೇ ಸಿಗುವ ಕೆಮ್ಮಣ್ಣು, ಕಣಜದಲ್ಲಿ ಭತ್ತ. ಇಷ್ಟಿದ್ದ ಕಡೆ ಹಬ್ಬ ಬಂದಾಗ ಹೆಂಗಸರು ಗೋಡೆಗೆ ಕೆಂಪು ಬಳಿದು ಅಕ್ಕಿ ಅರೆದು ಗೆರೆ ಎಳೆಯುತ್ತಾರೆ. ಬಳಿಯುವುದಕ್ಕೆ, ಬರೆಯುವುದಕ್ಕೆ ಕೈಗೆ ಸಿಗುವುದು ಅದೇ ತಾನೇ. ಇದನ್ನು ಒಬ್ಬರು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ.

ಇನ್ನು ಜನ. ವಾರ್ಲಿಗಳು ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆಯ ಆದಿವಾಸಿಗಳು. ಹಸೆ ಚಿತ್ತಾರ ನಮ್ಮ ದೀವರ ಮನೆಗಳದ್ದು. ಸಾಗರ, ಸೊರಬ, ಹೊಸನಗರ, ಆಚೆ ಸಿದ್ದಾಪುರದ ಕನ್ನಡ ಮಾತಾಡುವ ರೈತರು ಇವರು. ಚಿತ್ತಾರ ಬರೆದವರು ಈ ಮನೆಗಳ ಹೆಂಗಸರು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಮದುವೆ ಮನೆಗೆ ಕೈಜೋಡಿಸಲು ಬಂದ ಪಕ್ಕದ ಮನೆಯಾಕೆಗೆ, ಹೀಗೆ ಇದು ದಾಟಿಕೊಂಡು ಬಂದಿದೆ. ಗದ್ದೆ, ಕೊಟ್ಟಿಗೆ, ಅಡುಗೆಮನೆ ಬಿಟ್ಟು ದೂರ ಹೋಗದ ಆ ಅಜ್ಜಿಯಂದಿರು ಠಾಣೆಗೆ ಹೋಗಿ ಯಾವುದನ್ನು ನೋಡಿ ನಕಲು ಮಾಡಿದರು, ನೀವೇ ಹೇಳಿ.

ಇಷ್ಟು ಹೇಳಿದರೂ ನಂಬದವರಿಗೆ ನಾನು ಮಾಡುವುದು ಒಂದೇ ಕೆಲಸ. ಎರಡೂ ಚಿತ್ರ ಮುಂದಿಟ್ಟು "ಗೆರೆ ನೋಡಿ" ಅನ್ನುತ್ತೇನೆ.

ವಾರ್ಲಿಯಲ್ಲಿ ಮನುಷ್ಯ ಅಂದರೆ ತುದಿಗೆ ತುದಿ ಕೂಡಿಸಿದ ಎರಡು ತ್ರಿಕೋನ, ಮೇಲೆ ಒಂದು ಉರುಟು ತಲೆ. ಇಂಥ ಜನ ಚಿತ್ರದ ತುಂಬಾ ಓಡಾಡುತ್ತಾರೆ. ಕುಣಿಯುತ್ತಾರೆ, ಬೇಟೆಯಾಡುತ್ತಾರೆ, ತಾರ್ಪಾ ಎಂಬ ವಾದ್ಯ ಊದುವವನ ಸುತ್ತ ಸುರುಳಿಯಾಗಿ ನಿಲ್ಲುತ್ತಾರೆ. ಬಣ್ಣ ಹೆಚ್ಚಾಗಿ ಬಿಳಿ ಒಂದೇ. ಅವರಲ್ಲೂ ಮದುವೆಗೆ ಚೌಕ ಬರೆಯುತ್ತಾರೆ. ಅದರೊಳಗೆ ಪಾಲ್ಘಾಟ್ ದೇವಿ ಇರುತ್ತಾಳೆ. ಅದನ್ನು ಬರೆಯುವವರೂ ಮುತ್ತೈದೆಯರೇ. ತುಂಬಾ ಚೆಂದದ ಕಲೆ. ನನಗೆ ಅದರ ಮೇಲೆ ಸಿಟ್ಟೇನೂ ಇಲ್ಲ.

ಹಸೆಗೋಡೆಯ ಚಿತ್ತಾರದಲ್ಲಿ ಮನುಷ್ಯರು ಮುಖ್ಯರಲ್ಲ. ಇರುತ್ತಾರೆ, ಇಲ್ಲ ಅಂತಲ್ಲ. ದಂಡಿಗೆ, ಅಂದರೆ ಪಲ್ಲಕ್ಕಿ, ಹೊತ್ತವರು ಇರಬಹುದು, ಸಾಲಾಗಿ ನಿಂತ ಗೊಂಬೆಗಳು ಇರಬಹುದು. ಆದರೆ ಅವೆಲ್ಲ ಚಿಕ್ಕವು. ಗೋಡೆಯನ್ನು ಹಿಡಿದು ನಿಲ್ಲಿಸುವುದು ದೊಡ್ಡ ಚೌಕ. ಚೌಕದೊಳಗೆ ಚೌಕ, ಅದರ ಸುತ್ತ ಒಂದರ ಪಕ್ಕ ಒಂದು ಎಳೆ, ಎಳೆಗಳ ನಡುವೆ ಏಣಿ, ಮೂಲೆಯಿಂದ ಮೂಲೆಗೆ ಜೋಗಿ ಜಡೆ ಎಂಬ ವಿನ್ಯಾಸ. ಗೆರೆಯ ಮೇಲೆ ಗೆರೆ ದಾಟಿ ಸಣ್ಣ ಸಣ್ಣ ಕಣ್ಣುಗಳು ಹುಟ್ಟುತ್ತವೆ. ದೂರದಿಂದ ನೋಡಿದರೆ ಹೆಣೆದ ಚಾಪೆಯ ಹಾಗೆ ಕಾಣುತ್ತದೆ. ವಾರ್ಲಿಯಿಂದ ಗೊಂಬೆ ತೆಗೆದರೆ ಚಿತ್ರವೇ ಉಳಿಯುವುದಿಲ್ಲ. ಹಸೆ ಚಿತ್ತಾರದಿಂದ ಗೊಂಬೆ ತೆಗೆದರೂ ಚಿತ್ತಾರ ಹಾಗೇ ನಿಂತಿರುತ್ತದೆ. ಇದನ್ನು ಒಂದು ಸಲ ಕಂಡವರು ಮತ್ತೆ ಎರಡನ್ನೂ ಬೆರೆಸುವುದಿಲ್ಲ. ನನ್ನ ತರಗತಿಯ ಐದನೇ ಕ್ಲಾಸಿನ ಮಕ್ಕಳು ಈಗ ದೂರದಿಂದಲೇ ಗುರುತು ಹಿಡಿಯುತ್ತಾರೆ. ಅದು ನನಗೆ ನಿಜಕ್ಕೂ ಹೆಮ್ಮೆ.

ಬಣ್ಣದಲ್ಲೂ ವ್ಯತ್ಯಾಸ ಇದೆ. ಹಸೆ ಚಿತ್ತಾರದಲ್ಲಿ ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕೆಲವು ಕಡೆ ಜೇಡಿಮಣ್ಣು. ಹಳದಿಗೆ ಗುರಿಗೆ ಕಾಯಿ. ಕಪ್ಪಿಗೂ ಅಕ್ಕಿಯೇ! ಬಾಣಲೆಯಲ್ಲಿ ಹಾಕಿ ಇದ್ದಿಲಿನ ಹಾಗೆ ಕರ್ರಗಾಗುವ ತನಕ ಹುರಿಯುತ್ತಾರೆ. ಆಮೇಲೆ ನೀರಲ್ಲಿ ನೆನೆಸಿ ನುಣ್ಣಗೆ ಅರೆಯುತ್ತಾರೆ. ಹುರಿಯುವಾಗ ಮನೆಯೆಲ್ಲ ಹೊಗೆ, ಕಮಟು ವಾಸನೆ. ಅವಸರ ಮಾಡಿ ಕಂದು ಬಣ್ಣಕ್ಕೇ ಇಳಿಸಿದರೆ ಗೋಡೆ ಮೇಲೆ ಕಪ್ಪು ಏಳುವುದೇ ಇಲ್ಲ, ಮಾಸಲಾಗಿ ಕಾಣುತ್ತದೆ.

ಕುಂಚವೂ ಬೇರೆ. ವಾರ್ಲಿಯವರದು ತುದಿ ಜಜ್ಜಿದ ಬಿದಿರು ಕಡ್ಡಿ. ನಮ್ಮದು ಪುಂಡಿ ಗಿಡದ ನಾರು. ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಬರೆಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನಾಲ್ಕೈದು ಎಳೆ ನಾರು ತೆಗೆದು, ತುದಿ ನೆನೆಸಿ, ಉಗುರಿನಲ್ಲಿ ಸೀಳಿ ಮೆದು ಮಾಡಿಕೊಂಡರು. ಬಣ್ಣಕ್ಕೆ ಅದ್ದಿ ಬಟ್ಟಲಿನ ಅಂಚಿಗೆ ಒಂದು ಸಲ ಒರೆಸಿದರು. ಆಮೇಲೆ ನಾರನ್ನು ಗೋಡೆಗೆ ಒತ್ತಲಿಲ್ಲ, ಉದ್ದಕ್ಕೆ ಮಲಗಿಸಿ ಎಳೆದರು. ಕೈ ಅಲ್ಲಾಡಲಿಲ್ಲ, ಮೊಣಕೈ ಮಾತ್ರ ಹಿಂದೆ ಸರಿಯಿತು. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ, ಗೆರೆ ದಾರ ಹಿಡಿದ ಹಾಗೆ ನೇರ. ನಾನು "ಎಷ್ಟು ನೇರ ಬಂತು ಅಜ್ಜಿ" ಅಂದೆ. "ಮೊದಲ ಎಳೆ ಸೊಟ್ಟ ಆದ್ರೆ ಕಡೀ ತನಕ ಸೊಟ್ಟವೇ ಮಗಾ" ಅಂದರು, ತಲೆ ಎತ್ತಲಿಲ್ಲ. ಅಕ್ರಿಲಿಕ್ ತೆಗೆದುಕೊಳ್ಳುವ ಓದುಗರೇ, ಬಣ್ಣ ಯಾವುದಾದರೂ ಇರಲಿ, ಈ ಎಳೆಯನ್ನು ಮೊದಲು ಕಲಿಯಿರಿ. ಹಳೆ ಪೇಪರ್ ಮೇಲೆ ದಿನಾ ಬರೀ ಗೆರೆ ಎಳೆಯಿರಿ. ಚೌಕಕ್ಕೆ ಆಮೇಲೆ ಕೈ ಹಾಕಿ.

ಹಾಗಾದರೆ ಈ ತಪ್ಪು ತಿಳಿವಳಿಕೆ ಇಷ್ಟು ಗಟ್ಟಿಯಾಗಿ ಯಾಕೆ ಕೂತಿದೆ? ಮುಖ್ಯ ಕಾರಣ, ವಾರ್ಲಿ ಮೊದಲು ಹೊರಗೆ ಬಂತು. 1970ರ ದಶಕದಲ್ಲೇ ಅದು ಗೋಡೆಯಿಂದ ಕಾಗದಕ್ಕೆ ಇಳಿಯಿತು. ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಾಶೆ ಅದನ್ನು ದೇಶ ವಿದೇಶಕ್ಕೆ ಮುಟ್ಟಿಸಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಕುರ್ತಾ ಮೇಲೆ, ಟೀ ಕಪ್ಪಿನ ಮೇಲೆ, ಶಾಲೆಯ ಕಾಂಪೌಂಡ್ ಮೇಲೆ ಎಲ್ಲೆಲ್ಲೂ ವಾರ್ಲಿ. ಮೊದಲು ಕಂಡದ್ದೇ ಮೂಲ ಅಂತ ಜನ ಅಂದುಕೊಳ್ಳುವುದು ಸಹಜ.

ಇನ್ನೊಂದು ಕಾರಣ, ತೋರಿಸುವುದಕ್ಕೆ ನಮ್ಮ ಹತ್ತಿರ ಹಳೇ ಗೋಡೆಗಳಿಲ್ಲ. ಮಣ್ಣಿನ ಗೋಡೆಗೆ ಮತ್ತೆ ಮತ್ತೆ ಬಳಿಯುತ್ತಾರೆ. ಹೊಸ ಕೆಮ್ಮಣ್ಣಿನ ಅಡಿಯಲ್ಲಿ ಹಳೇ ಚಿತ್ತಾರ ಹೋಗಿಬಿಡುತ್ತದೆ. ಸಾಲದ್ದಕ್ಕೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆಯ ಊರೂರೇ ನೀರಿಗೆ ಹೋಯಿತು. ಎದ್ದು ಹೋದವರಲ್ಲಿ ದೀವರ ಕುಟುಂಬಗಳು ತುಂಬಾ ಇದ್ದವು. ಆಮೇಲೆ ಕಟ್ಟಿದ ಮನೆಗಳಿಗೆ ಸಿಮೆಂಟ್ ಬಂತು, ಪೇಂಟ್ ಬಂತು. ಕೆಮ್ಮಣ್ಣು ಸಿಮೆಂಟಿಗೆ ಹಿಡಿಯುವುದಿಲ್ಲ, ಉದುರುತ್ತದೆ. ಹಾಗೆ ಗೋಡೆಯ ಚಿತ್ತಾರ ಕಡಿಮೆಯಾಯಿತು. ಹಳೇದು ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಇಲ್ಲದ್ದೇನೂ ಆಗುವುದಿಲ್ಲ.

ಗೋಡೆ ಹೋದರೂ ಬುಟ್ಟಿ ಉಳಿದಿದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿ ನಿಮಗೆ ಗೊತ್ತಿರುತ್ತದೆ. ಮಹಾನವಮಿ ಕಳೆದ ಮೇಲೆ ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸುತ್ತಾರೆ. ಅದರ ಮೇಲೆ ಕೆಮ್ಮಣ್ಣು, ಅದರ ಮೇಲೆ ಚಿತ್ತಾರ. ಒಂದು ದೊಡ್ಡದು, ಒಂದು ಚಿಕ್ಕದು. ಇಲ್ಲಿ ಭತ್ತದ ಸಸಿ, ಏಣಿ, ಎತ್ತು, ಹಕ್ಕಿ ಎಲ್ಲಾ ಬರುತ್ತವೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡುತ್ತಾರೆ. ಬಗೆಬಗೆಯ ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಬೀರುತ್ತಾರೆ. "ಹಚ್ಚಂಬಲಿ, ಹಾಲಂಬಲಿ" ಅಂತ ಕೂಗುವುದು ಒಂದು ಗದ್ದೆಯಿಂದ ಇನ್ನೊಂದಕ್ಕೆ ಕೇಳುತ್ತದೆ. ಪೂಜೆ ಆಗಿ ಮನೆಮಂದಿಯೆಲ್ಲ ಗದ್ದೆಯ ಬದುವಿನಲ್ಲೇ ಕೂತು ಉಣ್ಣುತ್ತಾರೆ.

ಗಮನಿಸಿ, ಈ ಬುಟ್ಟಿ ಶೋಕೇಸಿಗೆ ಹುಟ್ಟಿದ್ದಲ್ಲ. ಅನ್ನ, ಸೊಪ್ಪು, ಇಬ್ಬನಿ, ಕೆಸರು ಎಲ್ಲಾ ಅದಕ್ಕೆ ತಾಗುತ್ತದೆ. ಬುಟ್ಟಿ ಗಟ್ಟಿ ಇದ್ದರೆ ಅಟ್ಟಕ್ಕೆ ಹೋಗಿ ಮುಂದಿನ ವರ್ಷ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು, ಮತ್ತೆ ಹೊಸ ಚಿತ್ತಾರ. ಹಾಗಾಗಿ "ಬಣ್ಣ ಉದುರುತ್ತೆ, ಕ್ವಾಲಿಟಿ ಇಲ್ಲ" ಅಂತ ದೂರುವವರಿಗೆ ನನ್ನ ಉತ್ತರ: ಅದು ಒಂದು ಹಬ್ಬಕ್ಕೆ ಬಳಿದ ಬಣ್ಣ, ಉದುರಲಿ ಬಿಡಿ. ತುಂಬಾ ವರ್ಷ ಇಟ್ಟುಕೊಳ್ಳಬೇಕೆಂದರೆ ಕಾಗದದ ಮೇಲೆ ಬರೆದದ್ದನ್ನು ಕೊಳ್ಳಿ.

ಬುಟ್ಟಿ ಹೆಣೆದವರ ಹೆಸರೂ ಎಲ್ಲೂ ಬರುವುದಿಲ್ಲ. ಹೆಣೆಯುವವರು ಮೇದಾರರು. ಮಾರಾಟದ ಮೇಳಗಳಲ್ಲಿ ಚಿತ್ತಾರದ ಬಗ್ಗೆ ಮಾತಾಡುತ್ತಾರೆ, ಕೆಳಗಿರುವ ಬಿದಿರಿನ ಬಗ್ಗೆ ಮಾತಿಲ್ಲ. ಬಿದಿರು ಹಲವು ದಶಕಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು, ಮೆಳೆಗೆ ಮೆಳೆಯೇ ಒಣಗುತ್ತದೆ. ಮತ್ತೆ ಹೆಣೆಯುವಂಥ ಬಿದಿರು ಸಿಗಲು ವರ್ಷಗಟ್ಟಲೆ ಕಾಯಬೇಕು. ಅಂಥ ಕಾಲದಲ್ಲಿ ಒಳ್ಳೆ ಬುಟ್ಟಿಯ ಬೆಲೆ ಏರುತ್ತದೆ, ಏರಲೇಬೇಕು. ಹಾಗಾಗಿ ಭೂಮಣ್ಣಿ ಬುಟ್ಟಿ ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಬರೆದವರು ಯಾರು, ಹೆಣೆದವರು ಯಾರು, ಎರಡನ್ನೂ ಕೇಳಿ. ಬರೆಯುವುದನ್ನೇ ನೋಡಬೇಕಿದ್ದರೆ ದಸರಾ ಮುಗಿದ ಕೂಡಲೇ ಬನ್ನಿ. ಹುಣ್ಣಿಮೆಯ ದಿನ ಬಂದರೆ ಬುಟ್ಟಿ ಗದ್ದೆಗೆ ಹೋಗಿಯಾಗಿರುತ್ತದೆ. ಫೋಟೋ ತೆಗೆಯುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.