ಗಾಯ ಒಣಗಬೇಕೇ, ಮಾಯಬೇಕೇ?

ಗಾಯ ವಾಸಿಯಾಯಿತು ಎನ್ನಲು ಕನ್ನಡದಲ್ಲಿ ಎರಡು ಮಾತುಗಳಿವೆ: ‘ಮಾಯಿತು’ ಮತ್ತು ‘ಒಣಗಿತು’. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯದು ನಮ್ಮನ್ನು ದಾರಿ ತಪ್ಪಿಸಿದೆ. ‘ಗಾಯ ಒಣಗಿತೇ?’ ಎಂದು ಕೇಳಿ ಕೇಳಿ, ಅದನ್ನು ಹಪ್ಪಳದ ಹಾಗೆ ಗಾಳಿ ಬಿಸಿಲಿಗೆ ಹರವಬೇಕೆಂದೇ ನಂಬಿಬಿಟ್ಟಿದ್ದೇವೆ.

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡ. ನಾನು ಹೋಗುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಒಂದು ಹಿಡಿ ಕಾಫಿ ಪುಡಿ ಒತ್ತಿಯಾಗಿತ್ತು. ರಕ್ತವೇನೋ ನಿಂತಿತ್ತು. ಆದರೆ ಅದರ ಕೀರ್ತಿ ಸಲ್ಲಬೇಕಾದದ್ದು ಬಿಗಿಯಾಗಿ ಒತ್ತಿ ಹಿಡಿದ ಅಜ್ಜಿಯ ಅಂಗೈಗೆ. ಶುಭ್ರವಾದ ಬಟ್ಟೆಯಿಟ್ಟು ಹತ್ತು ನಿಮಿಷ ಒತ್ತಿದ್ದರೂ ನಿಲ್ಲುತ್ತಿತ್ತು. ಆಮೇಲೆ ನಲ್ಲಿಯ ಕೆಳಗೆ ಮಂಡಿ ಹಿಡಿದು ತೊಳೆಯಲು ಕಾಲು ಗಂಟೆ ಹಿಡಿಯಿತು. ಮಣ್ಣಿನ ಕಣ ಯಾವುದು, ಚಿಕೋರಿ ಯಾವುದು ಎಂದು ತಿಳಿಯುವುದಾದರೂ ಹೇಗೆ?

ತೊಳೆದ ಮೇಲೆ ನಾನು ತೆಳುವಾಗಿ ವ್ಯಾಸಲೀನ್ ಸವರಿ, ಪಟ್ಟಿ ಕಟ್ಟಿದೆ. ‘ಗಾಳಿ ಆಡದಿದ್ದರೆ ಒಣಗುವುದು ಹೇಗೆ?’ ಎಂದು ಅಜ್ಜಿ ಗೊಣಗಿದರು. ಅರವತ್ತು ವರ್ಷಗಳ ಹಿಂದೆ ಕೇಳಿದ್ದರೆ ಬಹುಪಾಲು ವೈದ್ಯರೂ ಅಜ್ಜಿಯ ಪಕ್ಷವನ್ನೇ ವಹಿಸುತ್ತಿದ್ದರು.

1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ವಿಜ್ಞಾನಿ ಎಳೆಯ ಹಂದಿಗಳ ಬೆನ್ನಿನ ಮೇಲೆ ಒಂದೇ ಅಳತೆಯ ಆಳವಿಲ್ಲದ ಗಾಯಗಳನ್ನು ಮಾಡಿ, ಕೆಲವನ್ನು ಬಯಲಿಗೆ ಬಿಟ್ಟ, ಕೆಲವಕ್ಕೆ ಪಾಲಿಥೀನ್ ಹಾಳೆ ಹೊದಿಸಿದ. ಹಾಳೆಯಡಿಯ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತ್ತು. ಮರುವರ್ಷವೇ ಮನುಷ್ಯರ ಮೇಲೂ ಇದನ್ನು ಪರೀಕ್ಷಿಸಿ ನೋಡಲಾಯಿತು. ಫಲಿತಾಂಶ ಅದೇ ದಿಕ್ಕಿನಲ್ಲಿತ್ತು.

ಕಾರಣ ಸೊಗಸಾಗಿದೆ. ತರಚಿದ ಜಾಗದ ಅಂಚಿನಿಂದ, ಉಳಿದ ಕೂದಲ ಬುಡಗಳಿಂದ ಚರ್ಮದ ಕೋಶಗಳು ಹೊರಟು ತೆವಳುತ್ತ ಬಂದು ಗಾಯವನ್ನು ಮುಚ್ಚುತ್ತವೆ. ತೆವಳಲು ತೇವ ಬೇಕು. ಬಯಲಿಗೆ ಬಿಟ್ಟ ಗಾಯದಲ್ಲಿ ಮೇಲ್ಭಾಗ ಒಣಗಿ ಹಕ್ಕಳೆ ಕಟ್ಟುತ್ತದೆ. ಅದರ ಜೊತೆಗೆ ಕೆಳಗಿನ ಜೀವಂತ ಪದರವೂ ಒಂದಿಷ್ಟು ಒಣಗಿ ಸಾಯುತ್ತದೆ. ಕೋಶಗಳು ಈಗ ಹಸಿಯಿರುವ ಮಟ್ಟದವರೆಗೆ ಕೆಳಗಿಳಿದು, ಹಕ್ಕಳೆಯನ್ನು ಬುಡದಿಂದ ಬಿಡಿಸುತ್ತ ಸಾಗಬೇಕು. ಕೆಸರು ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಮಾಡುವವರನ್ನು ನೆನೆಯಿರಿ. ಅವರನ್ನೇ ಬಿರುಕುಬಿಟ್ಟ ಕೆರೆಯಂಗಳಕ್ಕೆ ಬಿಟ್ಟರೆ ಪೈರು ಕೆಳಗಿಟ್ಟು ಮೊದಲು ಗುದ್ದಲಿ ಹಿಡಿಯಬೇಕಾಗುತ್ತದೆ. ಅಡುಗೆಮನೆಯ ಹೋಲಿಕೆಯೇ ಬೇಕೆಂದರೆ, ಹದವಾದ ಕಾವಲಿಯ ಮೇಲೆ ಹಿಟ್ಟು ಸಲೀಸಾಗಿ ಹರಡುತ್ತದೆ. ಹಿಂದಿನ ದೋಸೆಯ ಕರಕು ಹಾಗೆಯೇ ಅಂಟಿರುವ ಕಾವಲಿಯ ಮೇಲೆ ಹರಡಿ ನೋಡಿ. ಹಾಗೆಂದು ಗಾಯವನ್ನು ನೆನೆಹಾಕಬೇಕಿಲ್ಲ. ಸುತ್ತಲ ಚರ್ಮ ನೀರಲ್ಲಿ ನೆಂದ ಬೆರಳಿನಂತೆ ಬಿಳುಚಿಕೊಂಡರೆ ತೇವ ಹೆಚ್ಚಾಗಿದೆ ಎಂದರ್ಥ.

‘ಉರಿದರೆ ಔಷಧ ಕೆಲಸ ಮಾಡುತ್ತಿದೆ’ ಎಂಬ ಇನ್ನೊಂದು ನಂಬಿಕೆಯಿದೆ. ಸ್ಪಿರಿಟ್ ಸುರಿಯುವವರ ಉತ್ಸಾಹಕ್ಕೆ ಅದೇ ಮೂಲ. ಪೆನಿಸಿಲಿನ್ ಖ್ಯಾತಿಯ ಅಲೆಕ್ಸಾಂಡರ್ ಫ್ಲೆಮಿಂಗ್ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೈನಿಕರ ಗಾಯಗಳನ್ನು ನೋಡುತ್ತಿದ್ದ. ಗಾಜಿನ ನಳಿಕೆಯನ್ನು ಕಾಯಿಸಿ, ಅಲ್ಲಲ್ಲಿ ಎಳೆದು ಮುಳ್ಳುಮುಳ್ಳಾಗಿ ಮಾಡಿ ಒಂದು ನಕಲಿ ಗಾಯವನ್ನೇ ತಯಾರಿಸಿದ. ಅದರಲ್ಲಿ ಬ್ಯಾಕ್ಟೀರಿಯ ಬೆಳೆಸಿ, ಕ್ರಿಮಿನಾಶಕದಿಂದ ಎಷ್ಟು ತೊಳೆದರೂ ಮುಳ್ಳುಗಳ ಸಂದಿಯಲ್ಲಿ ಅಡಗಿದವು ಬದುಕಿ ಮತ್ತೆ ಹೆಚ್ಚಿದವು. ಕ್ರಿಮಿಗಳೊಡನೆ ಹೋರಾಡಬೇಕಿದ್ದ ಬಿಳಿ ರಕ್ತಕಣಗಳೇ ಕ್ರಿಮಿನಾಶಕಕ್ಕೆ ಮೊದಲು ಬಲಿಯಾಗುತ್ತವೆ ಎಂದೂ ಅವನು ತೋರಿಸಿದ. ತರಚುಗಾಯಕ್ಕೆ ಕುಡಿಯಲು ಯೋಗ್ಯವಾದ ಹರಿಯುವ ನೀರು ಧಾರಾಳವಾಗಿ ಸಾಕು; ಸುತ್ತಲ ಚರ್ಮಕ್ಕೆ ಸೋಪು.

ಅರಿಶಿನದ ಮಾತೆತ್ತಿದರೆ ಯಾರಾದರೂ ಪೇಟೆಂಟ್ ಕಥೆ ತೆಗೆಯುತ್ತಾರೆ. ಗಾಯಕ್ಕೆ ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತು. ವಿಜ್ಞಾನಿ ರಘುನಾಥ ಮಾಶೇಲ್ಕರ್ ನೇತೃತ್ವದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ನನಗೂ ಹೆಮ್ಮೆಯಿದೆ. ಆದರೆ ಅಲ್ಲಿ ನಾವು ಗೆದ್ದ ವಾದವೇನು? ಇದು ಹೊಸದಲ್ಲ, ನಮಗೆ ಮೊದಲೇ ಗೊತ್ತಿತ್ತು ಎಂಬುದು. ಅರಿಶಿನದಿಂದ ಗಾಯ ಮಾಯುತ್ತದೆಯೇ ಎಂಬ ಪ್ರಶ್ನೆಗೆ ಆ ತೀರ್ಪು ಉತ್ತರವಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಉರಿಯೂತ ತಗ್ಗಿಸುತ್ತದೆ, ನಿಜ. ಅಂಗಡಿಯ ಪೊಟ್ಟಣದಲ್ಲಿರುವುದು ಮಾತ್ರ ನೆಲದಲ್ಲಿ ಬೆಳೆದ ಗೆಡ್ಡೆಯ ಪುಡಿ. ಕ್ರಿಮಿಶುದ್ಧ ಮಾಡಿದ್ದಲ್ಲ, ಬಣ್ಣಕ್ಕೆಂದು ಸೀಸದ ಕ್ರೋಮೇಟ್ ಬೆರೆತಿರಲೂಬಹುದು. ಸಾರಿಗೆ ಹಾಕುವಾಗ ಅದು ಕುದಿಯುತ್ತದೆ, ಗಾಯದ ಮೇಲೆ ಕುದಿಯುವುದಿಲ್ಲ.

ಜೇನುತುಪ್ಪದ ಕಥೆ ಬೇರೆ. ಅದರಲ್ಲಿ ಸುಮಾರು ಶೇ. 80ರಷ್ಟು ಸಕ್ಕರೆ. ಉಪ್ಪಿನಕಾಯಿಯ ಉಪ್ಪಿನಂತೆ ಅದು ಬ್ಯಾಕ್ಟೀರಿಯದೊಳಗಿನ ನೀರನ್ನು ಹೀರುತ್ತದೆ. ಗಾಯದ ನೀರು ಸೇರಿ ತೆಳುವಾದಾಗ, ಜೇನುಹುಳು ಬೆರೆಸಿಟ್ಟ ಕಿಣ್ವ ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ಉತ್ಪಾದಿಸುತ್ತದೆ. ಸುಶ್ರುತನೂ ಈಜಿಪ್ಟಿನವರೂ ಗಾಯಕ್ಕೆ ಜೇನು ಬಳಸಿದ್ದರಲ್ಲಿ ಹುರುಳಿತ್ತು. ಈಗ ಆಸ್ಪತ್ರೆಗಳಲ್ಲಿ ಬಳಸುವುದು ಗಾಮಾ ಕಿರಣದಿಂದ ಶುದ್ಧಗೊಳಿಸಿದ ಜೇನನ್ನು, ಸಕ್ಕರೆ ಪಾಕ ಬೆರೆಸಿದ ಸೀಸೆಯದನ್ನಲ್ಲ.

ನನ್ನ ಮೆಚ್ಚಿನ ನಾಟಿ ಮದ್ದು ಬಾಳೆ ಎಲೆ. ಮುಂಬೈಯ ವೈದ್ಯರು ಅದನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡಿ ಸುಟ್ಟಗಾಯಗಳಿಗೆ ಹೊದಿಸಿದರು. 2003ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ವ್ಯಾಸಲೀನ್ ಸವರಿದ ಗಾಜ್ ಬಟ್ಟೆಗಿಂತ ಇದನ್ನು ತೆಗೆಯುವಾಗ ನೋವು ಕಡಿಮೆ. ಊಟದ ಎಲೆಯ ಮೇಲೆ ಸಾರು ಮುತ್ತಾಗಿ ಉರುಳುವುದನ್ನು ಕಂಡವರಿಗೆ ಗುಟ್ಟು ಹೊಳೆಯುತ್ತದೆ. ಎಲೆಯ ಮೇಣದ ಮೈ ಗಾಯಕ್ಕೆ ಅಂಟುವುದಿಲ್ಲ, ತೇವವನ್ನೂ ಬಿಡುವುದಿಲ್ಲ. ವಿಂಟರನ ಪಾಲಿಥೀನ್ ನಮ್ಮ ಹಿತ್ತಲಲ್ಲೇ ಬೆಳೆಯುತ್ತಿದೆ!

ಸಗಣಿ, ಬೂದಿ, ಮಣ್ಣಿನ ವಿಷಯದಲ್ಲಿ ಮಾತ್ರ ನಾನು ನಗುವುದಿಲ್ಲ. ಧನುರ್ವಾಯುವಿನ ಬೀಜಕಣಗಳ ತವರು ಮಣ್ಣು ಮತ್ತು ಸಗಣಿ. ನಾಯಿ ಕಚ್ಚಿದರೆ ಸುಣ್ಣ, ಖಾರದ ಪುಡಿ ಬೇಡ. ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ವೈರಾಣುವಿನ ಕೊಬ್ಬಿನ ಹೊದಿಕೆ ಸೋಪಿಗೆ ಕರಗುತ್ತದೆ, ಖಾರಕ್ಕಲ್ಲ. ಆಳದ ಗಾಯ, ಸಕ್ಕರೆ ಕಾಯಿಲೆಯವರ ಪಾದದ ಗಾಯ, ಸುತ್ತ ಕೆಂಪು ಹರಡುತ್ತಿರುವ ಗಾಯ – ಇವಕ್ಕೂ ಮನೆಮದ್ದು ಸಲ್ಲ.

ಎಂಟನೆಯ ದಿನ ಹುಡುಗನ ಪಟ್ಟಿ ಬಿಚ್ಚಿದೆವು. ಮಂಡಿಯ ಮೇಲೆ ಗುಲಾಬಿ ಬಣ್ಣದ ನುಣುಪು ಚರ್ಮ. ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಕಾಫಿ ಪುಡಿ ಮೊದಲೇ ಬಿದ್ದಿತ್ತಲ್ಲ’ ಎಂದರು. ಹುಡುಗನಿಗೆ ಮಾತ್ರ ನಿರಾಸೆ: ಕೂತು ಕೀಳಲು ಹಕ್ಕಳೆಯೇ ಇರಲಿಲ್ಲ.