4 ವರ್ಷ ಅಪ್‌ಡೇಟ್ ಅಂದಿದ್ದರು, ಎರಡೂವರೆ ವರ್ಷಕ್ಕೇ ನಿಂತಿತು!

ಪ್ರಶ್ನೆ: ದೀಪಾವಳಿ ಆಫರ್‌ನಲ್ಲಿ ಫೋನ್ ತಗೊಂಡೆ. 4 ವರ್ಷ ಅಪ್‌ಡೇಟ್ ಬರುತ್ತೆ ಅಂದಿದ್ದರು. ಎರಡೂವರೆ ವರ್ಷಕ್ಕೇ ನಿಂತುಹೋಯಿತು. ನನಗೆ ಮೋಸ ಆಯ್ತಾ? ಇನ್ನು ಈ ಫೋನ್ ಬಳಸಬಹುದಾ?

ಪೂರ್ತಿ ಮೋಸ ಅನ್ನಲಾಗದು. ಆದರೆ ಒಂದು ವಿಷಯವನ್ನು ನಿಮಗೆ ಯಾರೂ ಬಿಡಿಸಿ ಹೇಳಲಿಲ್ಲ. ವಾರಂಟಿ ಲೆಕ್ಕ ಶುರುವಾಗುವುದು ಬಿಲ್ ದಿನಾಂಕದಿಂದ. ಅಪ್‌ಡೇಟ್ ಲೆಕ್ಕ ಹಾಗಲ್ಲ. ಆ ಮಾಡೆಲ್ ಮೊದಲ ಸಲ ಮಾರುಕಟ್ಟೆಗೆ ಬಂದಾಗಲೇ ಅದು ಶುರುವಾಗಿಬಿಟ್ಟಿರುತ್ತದೆ. ನಾನೂ ಒಮ್ಮೆ ಹೀಗೇ ಬೇಸ್ತುಬಿದ್ದೆ. ಅರ್ಧ ಬೆಲೆಗೆ ಸಿಕ್ಕಿತು ಅಂತ ಹಿಗ್ಗಿದೆ. ಆಯಸ್ಸೂ ಅರ್ಧ ಮುಗಿದಿದೆ ಅಂತ ಗೊತ್ತಾಗಿದ್ದು ಆಮೇಲೆ.

ಉದಾಹರಣೆಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ54 ಫೋನನ್ನೇ ನೋಡಿ. ಅದು ಬಂದಿದ್ದು 2023ರ ಮಾರ್ಚ್‌ನಲ್ಲಿ, ಆಂಡ್ರಾಯ್ಡ್ 13ರ ಜೊತೆ. ಕಂಪನಿ ಕೊಟ್ಟ ಮಾತು: 4 ಹೊಸ ಆಂಡ್ರಾಯ್ಡ್ ಆವೃತ್ತಿ, 5 ವರ್ಷ ಸೆಕ್ಯುರಿಟಿ ಅಪ್‌ಡೇಟ್. ಅದನ್ನು 2025ರ ದೀಪಾವಳಿಗೆ ಕೊಂಡವರಿಗೆ ಸೆಕ್ಯುರಿಟಿ ಉಳಿಯುವುದು ಎರಡೂವರೆ ವರ್ಷದಷ್ಟೇ. ಅದೇ 2024ರ ಮೇ ತಿಂಗಳಲ್ಲಿ ಬಂದ ಗೂಗಲ್ ಪಿಕ್ಸೆಲ್ 8ಎಗೆ 7 ವರ್ಷದ ಮಾತಿದೆ, ಅಂದರೆ 2031ರವರೆಗೆ. ಇದನ್ನು ಒಂದು ವರ್ಷ ತಡವಾಗಿ ಕೊಂಡರೂ ಅಂಥ ನಷ್ಟವೇನಿಲ್ಲ. ಐಫೋನ್‌ಗಳ ಕಥೆ ಬೇರೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂದಿತ್ತು!

ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ, ಈ ಮಾಡೆಲ್ ಯಾವಾಗ ಬಂದಿದ್ದು ಅಂತ. ಹೊಸದಾದರೆ ತಿಂಗಳ ಸಮೇತ ಹೇಳುತ್ತಾರೆ. ಹಳೆಯದಾದರೆ 'ಮೊನ್ನೆ ಮೊನ್ನೆ ಬಂತು ಸಾರ್' ಅಂತಾರೆ.

ಕಂಪನಿಗಳು ಯಾಕೆ ಕೈಬಿಡುತ್ತವೆ? ಹೊಸ ಫೋನ್ ಮಾರುವ ಆಸೆ ಇದ್ದೇ ಇದೆ. ಆದರೆ ಅದೊಂದೇ ಅಲ್ಲ. ಆಂಡ್ರಾಯ್ಡ್ ಮಾಡುವುದು ಗೂಗಲ್. ಅದು ನಿಮ್ಮ ಫೋನಿನ ಚಿಪ್ ಜೊತೆ ಹೊಂದಿಕೊಳ್ಳಬೇಕಾದರೆ ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳೂ ಕೆಲಸ ಮಾಡಬೇಕು. ಅವು ಹಳೇ ಚಿಪ್ ಬಿಟ್ಟುಬಿಟ್ಟರೆ ಫೋನ್ ಕಂಪನಿಯ ಕೈ ಕಟ್ಟಿದ ಹಾಗೆ. ಕಟ್ಟಿದ ಕೈ ಬಿಡಿಸಿಕೊಂಡವರೂ ಇದ್ದಾರೆ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಅನ್ನೋ ಪುಟ್ಟ ಕಂಪನಿ, ಚಿಪ್‌ನವರು ಕೈಬಿಟ್ಟ ಮೇಲೂ ತನ್ನ 2015ರ ಫೇರ್‌ಫೋನ್ 2ಕ್ಕೆ ತಾನೇ ಒದ್ದಾಡಿ ಆಂಡ್ರಾಯ್ಡ್ 10ರವರೆಗೆ ತಂದಿತು. 2023ರವರೆಗೂ ಅಪ್‌ಡೇಟ್ ಕೊಟ್ಟಿತು. ಮನಸ್ಸಿದ್ದರೆ ಆಗುತ್ತೆ, ಅಲ್ವಾ?

ಯುರೋಪಿನವರು ಈ ಲೆಕ್ಕವನ್ನೇ ತಿರುಗಿಸಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಜಾರಿಯಾದ ನಿಯಮದಲ್ಲಿ ಅಪ್‌ಡೇಟ್‌ನ 5 ವರ್ಷದ ಎಣಿಕೆ ಶುರುವಾಗುವುದು ಆ ಮಾಡೆಲ್‌ನ ಮಾರಾಟ ನಿಂತ ದಿನದಿಂದ. ಕೊನೆಯಲ್ಲಿ ಕೊಂಡವನಿಗೂ ನ್ಯಾಯ ಸಿಗಲಿ ಅಂತ. ನನಗಂತೂ ಇದೇ ಸರಿಯಾದ ಲೆಕ್ಕ ಅನ್ನಿಸುತ್ತೆ.

ಈಗ ನಿಮ್ಮ ಫೋನ್ ವಿಷಯ. ನಿಂತಿರುವುದು ಯಾವುದು ಅಂತ ಮೊದಲು ನೋಡಿ. ಹೊಸ ಆಂಡ್ರಾಯ್ಡ್ ಆವೃತ್ತಿ ಮನೆಗೆ ಬಣ್ಣ ಹೊಡೆಸಿದ ಹಾಗೆ. ಸೆಕ್ಯುರಿಟಿ ಅಪ್‌ಡೇಟ್ ಮುರಿದ ಚಿಲಕ ರಿಪೇರಿ ಮಾಡಿಸಿದ ಹಾಗೆ. ಬಣ್ಣ ಇಲ್ಲದೆ ನಡೆಯುತ್ತೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಕಡೆ ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ಇರುತ್ತದೆ. ಅದು ಇತ್ತೀಚಿನದಾದರೆ ಸುಮ್ನೆ ಬಳಸುತ್ತಿರಿ. ವರ್ಷ ದಾಟಿದ್ದರೆ ಯುಪಿಐ, ಬ್ಯಾಂಕ್ ಆ್ಯಪ್‌ಗಳನ್ನು ಬೇರೆ ಫೋನಿಗೆ ಹಾಕಿಕೊಳ್ಳಿ. ವಾಟ್ಸ್ಆ್ಯಪ್ ಚೆನ್ನಾಗೇ ನಡೀತಿದೆಯಲ್ಲ ಅನ್ನಬೇಡಿ. ಆ್ಯಪ್‌ಗಳು ತಮ್ಮ ಪಾಡಿಗೆ ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಆಗುತ್ತಿರುತ್ತವೆ, ಫೋನಿನ ಒಳಗಿನ ತೂತು ಹಾಗೇ ಇರುತ್ತದೆ. ನನ್ನ ಹಳೇ ಫೋನ್ ಈಗ ಅಡುಗೆಮನೆಯಲ್ಲಿ ಹಾಡು ಹೇಳಿಕೊಂಡಿದೆ. ಸಿಮ್ ಇಲ್ಲ, ಪಾಸ್‌ವರ್ಡ್ ಒಂದೂ ಇಲ್ಲ.